ಹಗಲಿಗೆ ಸ್ಪಷ್ಟ, ರಾತ್ರಿಗೆ ಮಸುಕು: ಓದುವ ಬೆಳಕು ಮತ್ತು ಕಣ್ಣಿನ ಫೋಕಸ್

ಸಂಜೆಯೋದುಗ (ಶಿರಸಿ):

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಮಧ್ಯಾಹ್ನ ಜಗಲಿಯಲ್ಲಿ ಕುಳಿತರೆ ಪಂಚಾಂಗದ ಸಣ್ಣ ಅಕ್ಷರಗಳನ್ನೂ, ತುಸು ದೂರ ಹಿಡಿದು, ಕನ್ನಡಕವಿಲ್ಲದೆ ಓದಿಬಿಡುತ್ತೇನೆ. ಅದೇ ಪಂಚಾಂಗವನ್ನು ರಾತ್ರಿ ನಡುಮನೆಯ ದೀಪದ ಕೆಳಗೆ ತೆರೆದರೆ, ಚಾಳೀಸಿನ ಕನ್ನಡಕ ಹಾಕಿಕೊಂಡರೂ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡಂತೆ ಕಾಣುತ್ತವೆ, ಅರ್ಧ ಗಂಟೆಯಾಗುವಷ್ಟರಲ್ಲಿ ಹುಬ್ಬಿನ ಮೇಲೆ ಭಾರ ಶುರುವಾಗುತ್ತದೆ. ನಮ್ಮದು ಹಳೆಯ ಮನೆ. ಮರದ ಮುಚ್ಚಿಗೆ ಕಪ್ಪಾಗಿದೆ, ಗೋಡೆಗೂ ಗಾಢ ಬಣ್ಣವಿದೆ, ನಡುವೆ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಎತ್ತರದಲ್ಲಿ ತೂಗುತ್ತದೆ.

ಕನ್ನಡಕದ ಪವರ್ ಏರಿಸಬೇಕೆಂದು ಒಬ್ಬರು ಹೇಳುತ್ತಾರೆ, ದೊಡ್ಡ ಬಲ್ಬು ಹಾಕೆಂದು ಇನ್ನೊಬ್ಬರು ಹೇಳುತ್ತಾರೆ, ನೀಲಿ ಬೆಳಕು ತಡೆಯುವ ಗಾಜು ತೆಗೆದುಕೊಳ್ಳಿ ಎಂದು ಕನ್ನಡಕದ ಅಂಗಡಿಯವರು ಹೇಳುತ್ತಾರೆ. ಇದು ಕಣ್ಣಿನ ತೊಂದರೆಯೋ, ಬೆಳಕಿನ ತೊಂದರೆಯೋ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ದೃಷ್ಟಿಪರೀಕ್ಷಕಿ:

ನಾನು ಕಣ್ಣಿನ ಪರೀಕ್ಷೆಯ ಕೆಲಸದಲ್ಲಿರುವವಳು. ನಿಮ್ಮ ಕಣ್ಣನ್ನು ನೋಡದೆ ನಿಮ್ಮ ಬಗ್ಗೆ ತೀರ್ಮಾನ ಹೇಳಲಾರೆ. ಆದರೆ ನೀವು ವಿವರಿಸಿದ ಹಗಲು ರಾತ್ರಿಯ ವ್ಯತ್ಯಾಸವನ್ನು ನಲವತ್ತು ದಾಟಿದ ಬಹಳಷ್ಟು ಜನ ಇದೇ ಮಾತುಗಳಲ್ಲಿ ಹೇಳುತ್ತಾರೆ, ಅದಕ್ಕೆ ಸರಿಯಾದ ಕಾರಣಗಳೂ ಇವೆ.

ಹತ್ತಿರದ ಅಕ್ಷರವನ್ನು ನೋಡಬೇಕಾದರೆ ಕಣ್ಣಿನೊಳಗಿನ ಮಸೂರ ಉಬ್ಬಬೇಕು. ಮಸೂರದ ಸುತ್ತಲಿರುವ ಸಿಲಿಯರಿ ಸ್ನಾಯು ಬಿಗಿದಾಗ ಮಸೂರವನ್ನು ಸುತ್ತಲಿಂದ ಎಳೆದು ಹಿಡಿದಿರುವ ನವಿರಾದ ಎಳೆಗಳು ಸಡಿಲವಾಗುತ್ತವೆ, ಆಗ ಮಸೂರ ತಾನಾಗಿ ದುಂಡಗಾಗುತ್ತದೆ. 40 ಸೆಂ.ಮೀ. ದೂರದಲ್ಲಿ ಹಿಡಿದ ಪುಸ್ತಕಕ್ಕೆ 2.5 ಡಯಾಪ್ಟರ್‌ನಷ್ಟು (ಮಸೂರದ ಶಕ್ತಿಯನ್ನು ಅಳೆಯುವ ಮಾನ, ಕನ್ನಡಕದ ನಂಬರ್ ಇದೇ) ಹೆಚ್ಚುವರಿ ಶಕ್ತಿ ಬೇಕು. ವಯಸ್ಸಾದಂತೆ ಮಸೂರ ಗಡುಸಾಗುವುದರಿಂದ ನಲವತ್ತರ ಆಸುಪಾಸಿನಲ್ಲಿ ಈ ಶಕ್ತಿ ಸಾಲದಾಗುತ್ತದೆ. ಚಾಳೀಸು ಎಂದರೆ ಇಷ್ಟೇ. ಇಲ್ಲಿಯವರೆಗಿನದು ಎಲ್ಲರಿಗೂ ತಿಳಿದದ್ದು. ಬೆಳಕಿನ ಪಾತ್ರ ಇದರ ನಂತರ ಬರುತ್ತದೆ.

ಬಿಸಿಲಿನ ಬೆಳಕಿಗೆ ಕಣ್ಣಿನ ಪಾಪೆ 2 ರಿಂದ 3 ಮಿ.ಮೀ.ಗೆ ಕುಗ್ಗುತ್ತದೆ, ಮಂದ ಬೆಳಕಿನಲ್ಲಿ 5 ಅಥವಾ 6 ಮಿ.ಮೀ.ವರೆಗೂ ಹಿಗ್ಗಬಹುದು. ಫೋಕಸ್ ಒಂದಿಷ್ಟು ತಪ್ಪಿದೆ ಎಂದಿಟ್ಟುಕೊಳ್ಳಿ. ಆಗ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ಮೇಲೆ ಪ್ರತಿ ಬಿಂದುವೂ ಒಂದು ಸಣ್ಣ ಮಸುಕಿನ ವೃತ್ತವಾಗಿ ಬೀಳುತ್ತದೆ, ಮತ್ತು ಆ ವೃತ್ತದ ಅಗಲ ಪಾಪೆಯ ಅಗಲವನ್ನೇ ಅನುಸರಿಸುತ್ತದೆ. ಪಾಪೆ ಅರ್ಧಕ್ಕೆ ಕುಗ್ಗಿದರೆ ಮಸುಕೂ ಅರ್ಧವಾಗುತ್ತದೆ. ಜಗಲಿಯಲ್ಲಿ ನಿಮ್ಮ ಮಸೂರವೇನೂ ಹೆಚ್ಚು ಉಬ್ಬುತ್ತಿಲ್ಲ. ಫೋಕಸ್ಸಿನ ತಪ್ಪು ಅಷ್ಟೇ ಇದ್ದರೂ ಸಣ್ಣ ಪಾಪೆ ಅದನ್ನು ಮುಚ್ಚಿಹಾಕುತ್ತಿದೆ. ಒಂದು ರಟ್ಟಿಗೆ ಗುಂಡುಸೂಜಿಯಿಂದ ರಂಧ್ರ ಮಾಡಿ, ಚೆನ್ನಾಗಿ ಬೆಳಕಿರುವ ಜಾಗದಲ್ಲಿ ಕನ್ನಡಕವಿಲ್ಲದೆ ಅದರ ಮೂಲಕ ಪಂಚಾಂಗ ನೋಡಿ. ಅಕ್ಷರ ಸ್ಪಷ್ಟವಾದರೆ ಮಸುಕಿಗೆ ಫೋಕಸ್ಸೇ ಮುಖ್ಯ ಕಾರಣವೆಂದು ತಿಳಿಯಬಹುದು. ಸ್ಪಷ್ಟವಾಗದಿದ್ದರೆ ಬೇರೆ ಕಾರಣವನ್ನು ವೈದ್ಯರು ಹುಡುಕಬೇಕಾಗುತ್ತದೆ.

ಇನ್ನೊಂದು ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಕತ್ತಲಲ್ಲಿ ನೋಡಲು ಏನೂ ಇಲ್ಲದಿದ್ದಾಗ ಕಣ್ಣು ದೂರಕ್ಕೆ ಹೊಂದಿಕೊಂಡು ವಿಶ್ರಮಿಸುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಅದು ಎಳೆಯರಲ್ಲಿ ಸರಾಸರಿ 1 ಮೀಟರಿಗೂ ಒಳಗಿನ ದೂರಕ್ಕೆ ಹೊಂದಿಕೊಂಡು ನಿಲ್ಲುತ್ತದೆ ಎಂಬುದನ್ನು 1970ರ ದಶಕದಲ್ಲಿ ಸಂಶೋಧಕರಾದ ಹರ್ಷಲ್ ಲೈಬೊವಿಟ್ಜ್ ಮತ್ತು ಆಲ್‌ಫ್ರೆಡ್ ಓವೆನ್ಸ್ ತೋರಿಸಿದರು. ರಾತ್ರಿ ನಕ್ಷತ್ರ ನೋಡುವಾಗ ಕಣ್ಣು ಸಮೀಪದೃಷ್ಟಿಯದ್ದಾಗುತ್ತದೆ, ಅಂದರೆ ದೂರದ್ದು ಮಸುಕಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ರಾಜಖಗೋಳಜ್ಞ ನೆವಿಲ್ ಮಾಸ್ಕೆಲಿನ್ 1789ರಷ್ಟು ಹಿಂದೆಯೇ ಬರೆದಿದ್ದರು. ಬೆಳಕು ಮಂದವಾದಷ್ಟೂ ಮಸೂರ ಆ ನಡುದೂರದ ಕಡೆಗೆ ಜಾರುತ್ತದೆ. ಅಂದರೆ ಹತ್ತಿರದ ಪುಸ್ತಕಕ್ಕೆ ಬೇಕಾದಷ್ಟು ಉಬ್ಬದೆ ಹಿಂದುಳಿಯುತ್ತದೆ. ಕಣ್ಣು ಫೋಕಸ್ ಮಾಡುವುದು ಅಕ್ಷರದ ಅಂಚನ್ನು ನೋಡಿಕೊಂಡು, ಅಂಚೇ ಸರಿಯಾಗಿ ಕಾಣದಿದ್ದರೆ ತಿದ್ದಿಕೊಳ್ಳಲು ಅದಕ್ಕೆ ಆಧಾರವಿರುವುದಿಲ್ಲ.

ಹುಬ್ಬಿನ ಭಾರದ ಬಗ್ಗೆ: ಮಸುಕನ್ನು ಕಡಿಮೆ ಮಾಡಲು ನಾವು ಅರಿವಿಲ್ಲದೆ ಕಣ್ಣನ್ನು ಕಿರಿದು ಮಾಡುತ್ತೇವೆ. ದಣಿಯುವುದರಲ್ಲಿ ರೆಪ್ಪೆಯ ಸುತ್ತಲಿನ ಮತ್ತು ಹುಬ್ಬಿನ ಸ್ನಾಯುಗಳ ಪಾಲು ದೊಡ್ಡದು.

ಬೆಳಕಿನ ಲೆಕ್ಕಿಗ (ಹುಬ್ಬಳ್ಳಿ):

ಕಣ್ಣಿನ ಕಡೆಯಿಂದ ಬಂದ ವಿವರಣೆಗೆ ದೀಪದ ಕಡೆಯಿಂದ ಒಂದಿಷ್ಟು ಲೆಕ್ಕ ಸೇರಿಸುತ್ತೇನೆ. ದೀಪ ಸೂಸುವ ಒಟ್ಟು ಬೆಳಕನ್ನು ಲೂಮೆನ್‌ನಲ್ಲಿಯೂ, ಪುಟದ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿಯೂ ಅಳೆಯುತ್ತಾರೆ. ನಾವು ಅಂಗಡಿಯಲ್ಲಿ ಕೊಳ್ಳುವುದು ಲೂಮೆನ್ನನ್ನು, ಅದೂ ವ್ಯಾಟಿನ ಹೆಸರಿನಲ್ಲಿ. ಕಣ್ಣಿಗೆ ಬೇಕಾಗಿರುವುದು ಲಕ್ಸ್.

ನಿಮ್ಮ 9 ವ್ಯಾಟಿನ ಬಲ್ಬು ಸುಮಾರು 900 ಲೂಮೆನ್ ಕೊಡುತ್ತದೆ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದುಕೊಂಡರೆ, 2 ಮೀಟರ್ ಕೆಳಗಿರುವ ಪುಸ್ತಕಕ್ಕೆ ನೇರವಾಗಿ ಸಿಗುವುದು 18 ಲಕ್ಸ್ ಮಾತ್ರ. ಬಿಳಿ ಗೋಡೆ, ಬಿಳಿ ತಾರಸಿ ಇದ್ದರೆ ಪ್ರತಿಫಲನದಿಂದ ಅದು ಕೆಲವು ಪಟ್ಟು ಏರುತ್ತಿತ್ತು. ಕಪ್ಪಾದ ಮರದ ಮುಚ್ಚಿಗೆ ಅದನ್ನು ನುಂಗಿಬಿಡುತ್ತದೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದೇ ಬಲ್ಬನ್ನು ಪುಸ್ತಕದಿಂದ 50 ಸೆಂ.ಮೀ. ದೂರಕ್ಕೆ ತಂದರೆ ಹದಿನಾರು ಪಟ್ಟು, ಅಂದರೆ 280 ಲಕ್ಸ್ ದಾಟುತ್ತದೆ. ಮೇಲೊಂದು ಬಿಳಿ ಒಳಮೈಯ ಶೇಡ್ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ಬಲ್ಬನ್ನು ಬದಲಾಯಿಸುವ ಮೊದಲು ಅದರ ಜಾಗವನ್ನು ಬದಲಾಯಿಸಿ ಎಂಬುದು ನನ್ನ ಸಲಹೆ. ತೂಗುವ ಬಲ್ಬನ್ನು 9 ರಿಂದ 18 ವ್ಯಾಟಿಗೆ ಏರಿಸಿದರೆ ಸಿಗುವುದು ಎರಡೇ ಪಟ್ಟು.

ಹೋಲಿಕೆಗೆ ಹೇಳುವುದಾದರೆ, ಕಚೇರಿಯಲ್ಲಿ ಓದುವ ಬರೆಯುವ ಕೆಲಸಕ್ಕೆ ಭಾರತೀಯ ಮಾನಕ ಐಎಸ್ 3646 ಸೂಚಿಸುವುದು 300 ರಿಂದ 750 ಲಕ್ಸ್, ನಡುವಿನ ಮೌಲ್ಯ 500. ಮೋಡ ಕವಿದ ಹಗಲಿನಲ್ಲೂ ಬಯಲಿನಲ್ಲಿ ಸಾವಿರಾರು ಲಕ್ಸ್ ಇರುತ್ತದೆ, ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಲಕ್ಷದವರೆಗೆ ಹೋಗುತ್ತದೆ. ಜಗಲಿಗೂ ನಡುಮನೆಗೂ ನಡುವೆ ನೂರು ಪಟ್ಟಿನ ವ್ಯತ್ಯಾಸವಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ನಮ್ಮ ಅಂದಾಜಿಗೆ ಸಿಗುವುದಿಲ್ಲ, ಮೊಬೈಲಿನ ಲಕ್ಸ್ ಅಳೆಯುವ ಆ್ಯಪ್ ನಿಖರವಲ್ಲದಿದ್ದರೂ ಹೋಲಿಸಿ ನೋಡುವುದಕ್ಕೆ ಸಾಕು.

ಹಳೆಯ ಮೇಷ್ಟ್ರು (ದಾವಣಗೆರೆ ಕಡೆ):

ಇಷ್ಟೆಲ್ಲ ಲಕ್ಸ್ ಲೆಕ್ಕ ಓದಿದ ಮೇಲೆ ಒಂದು ಮಾತು ಹೇಳಲೇಬೇಕಾಗಿದೆ. ನಮ್ಮ ತಲೆಮಾರಿನವರು ಚಿಮಣಿ ದೀಪದಲ್ಲಿ, ಕಂದೀಲಿನಲ್ಲಿ ಪರೀಕ್ಷೆಗೆ ಓದಿದವರು. ಆಮೇಲೆ ಭಾಗ್ಯಜ್ಯೋತಿಯ 40 ವ್ಯಾಟಿನ ಒಂದೇ ಬಲ್ಬು ಬಂದಾಗ ಓಣಿಯ ಮಕ್ಕಳೆಲ್ಲ ಅದರ ಕೆಳಗೆ ಸೇರುತ್ತಿದ್ದರು. ನಮ್ಮ ಕಣ್ಣೇನೂ ಹೋಗಲಿಲ್ಲ. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ಹಾಳಾಗುತ್ತದೆ ಎಂಬುದು ನಿಜವಾಗಿದ್ದರೆ ನಮ್ಮಲ್ಲಿ ಅರ್ಧ ಜನ ಕುರುಡರಾಗಬೇಕಿತ್ತು.

ದೃಷ್ಟಿಪರೀಕ್ಷಕಿ:

ಮೇಷ್ಟ್ರೇ, ನಿಮ್ಮ ಮಾತಿನ ಮುಖ್ಯಾಂಶವನ್ನು ಒಪ್ಪುತ್ತೇನೆ. ಮಂದ ಬೆಳಕಿನ ಓದು ದೃಷ್ಟಿಯನ್ನು ಶಾಶ್ವತವಾಗಿ ಕೆಡಿಸುತ್ತದೆ ಎಂಬುದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನ 2007ರ ಲೇಖನವೊಂದು ವೈದ್ಯರೂ ನಂಬುವ ಮಿಥ್ಯೆಗಳ ಪಟ್ಟಿಯಲ್ಲಿ ಸೇರಿಸಿತ್ತು. ದಣಿವು ಬರುತ್ತದೆ, ಕಣ್ಣು ಒಣಗುತ್ತದೆ, ತಲೆ ನೋಯುತ್ತದೆ. ಮಲಗಿ ಎದ್ದರೆ ಹೋಗುತ್ತದೆ. ಇಲ್ಲಿ ಕೇಳಿರುವುದು ಹಾನಿಯ ಪ್ರಶ್ನೆಯಲ್ಲ, ಓದಿನ ಸೌಖ್ಯದ ಪ್ರಶ್ನೆ.

ಆದರೆ ಹದಿನಾರು ವರ್ಷದ ಕಣ್ಣಿಗೆ ಸಾಕಾದ ಬೆಳಕು ಅರವತ್ತರ ಕಣ್ಣಿಗೆ ಸಾಕಾಗುವುದಿಲ್ಲ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. 60 ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20 ವರ್ಷದವರದರ ಮೂರನೆಯ ಒಂದರಷ್ಟು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಚಿಮಣಿಯಲ್ಲಿ ಓದಿದ ಆ ಹುಡುಗನಿಗೆ ಹತ್ತು ಡಯಾಪ್ಟರ್ ಆಸುಪಾಸಿನ ಫೋಕಸ್ ಶಕ್ತಿಯೂ ಇತ್ತು ಎಂಬುದನ್ನು ಮರೆಯಬಾರದು.

ಬೆಳಕಿನ ಲೆಕ್ಕಿಗ:

ಚಿಮಣಿಯ ಬಗ್ಗೆ ಒಂದು ಉಪಕಥೆ ಸೇರಿಸಲು ಅನುಮತಿ ಇರಲಿ. ಒಂದು ಮೇಣದಬತ್ತಿಯಷ್ಟು ಬೆಳಕಿನ ಮೂಲ 1 ಮೀಟರ್ ದೂರದಲ್ಲಿ ಕೊಡುವುದು ಸುಮಾರು 1 ಲಕ್ಸ್, 30 ಸೆಂ.ಮೀ. ದೂರದಲ್ಲಿ 11 ಲಕ್ಸ್. ಅದಕ್ಕೇ ಹಿಂದಿನವರು ದೀಪವನ್ನು ಪುಸ್ತಕದ ಪಕ್ಕಕ್ಕೇ ಎಳೆದುಕೊಳ್ಳುತ್ತಿದ್ದರು. ದೀಪ ಬಡವಾಗಿದ್ದಾಗ ದೂರದ ವರ್ಗದ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದರು. ಸ್ವಿಚ್ ಬಂದ ಮೇಲೆ ದೀಪ ತಾರಸಿಗೆ ಏರಿತು, ನಾವು ಅದರ ಕೆಳಗೆ ಎಲ್ಲಿ ಬೇಕಾದರೂ ಕುಳಿತೆವು.

ಗ್ರಂಥಾಲಯದ ಸ್ವಯಂಸೇವಕ (ಮೈಸೂರು):

ಪುಟದ ಕಡೆಯಿಂದಲೂ ಸ್ವಲ್ಪ ಹೇಳಬೇಕು. ನಮ್ಮ ಓದುಗರಲ್ಲಿ ಹಿರಿಯರೇ ಹೆಚ್ಚು, ಅವರು ಕೇಳುವುದು ಬಹುಮಟ್ಟಿಗೆ ಹಳೆಯ ಮುದ್ರಣಗಳನ್ನು. ಕಾಗದ ಹಳದಿಗಟ್ಟಿ, ಶಾಯಿ ಬೂದುಬಣ್ಣಕ್ಕೆ ತಿರುಗಿದ ಪುಸ್ತಕದಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರವೇ ಕಡಿಮೆ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಅಡಿಯ ಒಂದು ಸಣ್ಣ ಗೀಟಿನಿಂದ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ, ಕೆಳಗಿನ ಸಾಲಿನ ಹತ್ತಿರಕ್ಕೆ ಇಳಿದಿರುತ್ತವೆ. ಪದದ ಒಟ್ಟು ಆಕಾರದಿಂದ ಊಹಿಸಿ ಓದುವ ಪಳಗಿದ ಓದುಗರೂ ಅಪರಿಚಿತ ಹೆಸರು, ಸಂಸ್ಕೃತ ಸಮಾಸ ಬಂದಾಗ ಈ ಗೀಟುಗಳನ್ನೇ ಹುಡುಕಬೇಕಾಗುತ್ತದೆ. ಮೂಲ ಪ್ರಶ್ನೆ ಕೇಳಿದವರಿಗೆ ಮೊದಲು ಮಸುಕಾದದ್ದು ಒತ್ತಕ್ಷರ ಎಂಬುದರಲ್ಲಿ ನನಗೇನೂ ಅಚ್ಚರಿಯಿಲ್ಲ.

ಹೊಸ ಪುಸ್ತಕಗಳ ಸಮಸ್ಯೆ ಬೇರೆ. ನುಣುಪಾದ ಹೊಳೆಯುವ ಕಾಗದದಲ್ಲಿ ದೀಪದ ಪ್ರತಿಬಿಂಬವೇ ಪುಟದ ಮೇಲೆ ತೆಳುವಾದ ಬಿಳಿ ಪರದೆಯಾಗಿ ಹರಡುತ್ತದೆ. ಬೆಳಕು ಹೆಚ್ಚಿದಷ್ಟೂ ಅಕ್ಷರ ತೊಳೆದುಹೋಗುತ್ತದೆ. ನಮ್ಮಲ್ಲಿ ಒಂದು ಮೇಜಿನ ದೀಪವನ್ನು ಓದುಗರ ಎದುರಿನಿಂದ ತೆಗೆದು ಎಡಭುಜದ ಕಡೆಗೆ ಸರಿಸಿದ ಮೇಲೆ ಆ ಮೇಜಿನ ಬಗ್ಗೆ ದೂರುಗಳು ನಿಂತವು. ದೀಪ ಎದುರಿಗಿದ್ದರೆ ಅದರ ಕಿರಣ ಪುಟಕ್ಕೆ ತಾಗಿ ನೇರ ಕಣ್ಣಿಗೇ ಬರುತ್ತದೆ. ಎಡಭುಜ ಎಂದದ್ದು ಬಲಗೈಯಲ್ಲಿ ಬರೆಯುವವರಿಗೆ, ಕೈಯ ನೆರಳು ಸಾಲಿನ ಮೇಲೆ ಬೀಳದಿರಲೆಂದು. ಎಡಗೈಯವರು ಬಲಕ್ಕೆ ಇಟ್ಟುಕೊಳ್ಳಬೇಕು, ಬರೀ ಓದುವವರಿಗೆ ಯಾವ ಬದಿಯಾದರೂ ಆದೀತು.

ಉತ್ತರದ ಚಳಿಗಾಲ (ಸ್ಟಾಕ್‌ಹೋಮ್):

ಡಿಸೆಂಬರಿನಲ್ಲಿ ಇಲ್ಲಿ ಹಗಲು ಆರೇಳು ಗಂಟೆಯಷ್ಟೇ ಇರುತ್ತದೆ, ಹಾಗಾಗಿ ವರ್ಷದ ಕೆಲವು ತಿಂಗಳು ನನ್ನ ಕನ್ನಡ ಓದೆಲ್ಲ ದೀಪದ ಬೆಳಕಿನಲ್ಲಿ, ಬಹುಪಾಲು ಪರದೆಯ ಮೇಲೆ ನಡೆಯುತ್ತದೆ. ಕಣ್ಣಿಗೆ ಹಿತವೆಂದು ಎಲ್ಲರೂ ಹೇಳುವ ಕಪ್ಪು ಹಿನ್ನೆಲೆ, ಬಿಳಿ ಅಕ್ಷರದ ಕ್ರಮ ನನಗೆ ಹಿತವಾಗಿಲ್ಲ. ಅಕ್ಷರದ ಸುತ್ತ ಬೆಳಕು ಹರಡಿದಂತೆ ಕಾಣುತ್ತದೆ. ಇದು ನನ್ನೊಬ್ಬನ ಅನುಭವವೇ? ಇನ್ನೊಂದು ಪ್ರಶ್ನೆ, ಹಳದಿ ಛಾಯೆಯ ದೀಪ ಒಳ್ಳೆಯದೋ, ಬಿಳಿ ದೀಪ ಒಳ್ಳೆಯದೋ?

ದೃಷ್ಟಿಪರೀಕ್ಷಕಿ:

ನಿಮ್ಮೊಬ್ಬರದಲ್ಲ. ಕಪ್ಪು ಹಿನ್ನೆಲೆಯಿಂದ ಕಣ್ಣಿಗೆ ಬರುವ ಒಟ್ಟು ಬೆಳಕು ಕಡಿಮೆಯಾಗಿ ಪಾಪೆ ಹಿಗ್ಗುತ್ತದೆ, ಆಗ ಕಣ್ಣಿನ ಸಣ್ಣಪುಟ್ಟ ವಕ್ರತೆಗಳೆಲ್ಲ ಹೊರಬೀಳುತ್ತವೆ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮನಿರದ ದೋಷ) ಇರುವವರಿಗೆ ಬಿಳಿ ಅಕ್ಷರ ಹರಡಿದಂತೆ ಕಾಣುವುದು ಹೆಚ್ಚು. ಬಿಳಿಯ ಮೇಲೆ ಕಪ್ಪಕ್ಷರವೇ ಸ್ಪಷ್ಟವೆಂದು ಹಲವು ಪ್ರಯೋಗಗಳು ಹೇಳುತ್ತವೆ. ಕತ್ತಲ ಕೋಣೆಯಲ್ಲಿ ಉರಿಯುವ ಪರದೆಯೊಂದನ್ನೇ ನೋಡುವುದರ ಬದಲು, ಕೋಣೆಯಲ್ಲಿ ಇನ್ನೊಂದು ಮಂದ ದೀಪ ಇಟ್ಟು ಪರದೆಯ ಬೆಳಕನ್ನು ಅದಕ್ಕೆ ಸರಿಹೊಂದುವಷ್ಟು ಇಳಿಸುವುದು ಉತ್ತಮ. ಪರದೆಯ ಮುಂದೆ ನಾವು ರೆಪ್ಪೆ ಮಿಟುಕಿಸುವುದು ಸಹಜಕ್ಕಿಂತ ಅರ್ಧಕ್ಕೂ ಕಡಿಮೆಯಾಗಬಹುದು. ಚಳಿಗಾಲದಲ್ಲಿ ಹೀಟರಿನ ಒಣಗಾಳಿಯೂ ಸೇರಿದಾಗ ಕಣ್ಣೀರಿನ ಪದರ ಒಡೆದು ಅಕ್ಷರ ಆಗಾಗ ಮಂಜಾಗುತ್ತದೆ. ಮಿಟುಕಿಸಿದೊಡನೆ ತಿಳಿಯಾದರೆ ಅದು ಫೋಕಸ್ ತಪ್ಪಿದ್ದಲ್ಲ, ಕಣ್ಣು ಒಣಗಿದ್ದು.

ಬಣ್ಣದ ಬಗ್ಗೆ: ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣಕವುಳ್ಳ ಕೋಶಗಳಿವೆ, 480 ನ್ಯಾನೋಮೀಟರ್ ಸುತ್ತಲಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ ಮತ್ತು ಪಾಪೆಯನ್ನು ಕುಗ್ಗಿಸುವಲ್ಲಿ ಪಾಲ್ಗೊಳ್ಳುತ್ತವೆ. ಆದ್ದರಿಂದ ಲಕ್ಸ್ ಒಂದೇ ಇದ್ದರೂ ಬಿಳಿ ಛಾಯೆಯ ದೀಪದಲ್ಲಿ ಪಾಪೆ ತುಸು ಕಿರಿದಾಗಿರುತ್ತದೆ, ಅಕ್ಷರ ತುಸು ಹರಿತವಾಗಿರುತ್ತದೆ. ಆದರೆ ಅದೇ ಕೋಶಗಳು ಮೆದುಳಿಗೆ ಇನ್ನೂ ಹಗಲು ಎಂಬ ಸುದ್ದಿಯನ್ನೂ ಕಳಿಸುವುದರಿಂದ ನಿದ್ರೆ ಹಿಂದೆ ಸರಿಯುತ್ತದೆ. ಹಗಲಿಗೆ 4000 ಕೆಲ್ವಿನ್ನಿನ ಬಿಳಿ ಛಾಯೆಯ ದೀಪ, ಮಲಗುವ ಮುಂಚಿನ ಓದಿಗೆ 2700 ಕೆಲ್ವಿನ್ನಿನ ಹಳದಿ ಛಾಯೆಯದು ಎಂದು ನಾನು ಹೇಳುತ್ತೇನೆ. ಇದು ನಿಯಮವಲ್ಲ, ನನ್ನ ಅಭಿಪ್ರಾಯ.

ಇಬ್ಬರು ಮಕ್ಕಳ ತಾಯಿ (ಬೆಂಗಳೂರು):

ನನ್ನ ಹತ್ತು ವರ್ಷದ ಮಗನಿಗೆ ಈ ವರ್ಷ ಸಮೀಪದೃಷ್ಟಿಯ ಕನ್ನಡಕ ಬಂದಿದೆ. ಓದುವ ಮೇಜಿಗೆ ಒಳ್ಳೆಯ ದೀಪ ಹಾಕಿಸಿದರೆ ನಂಬರ್ ಏರುವುದು ನಿಲ್ಲುತ್ತದೆಯೇ?

ದೃಷ್ಟಿಪರೀಕ್ಷಕಿ:

ಮೇಜಿನ ದೀಪದಿಂದ ಅದನ್ನು ನಿರೀಕ್ಷಿಸಬೇಡಿ. ಮಕ್ಕಳ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಹೊರಗಿನ ಬೆಳಕು. ಚೀನಾದ ಗುವಾಂಗ್‌ಝೌನಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಕೊಟ್ಟು ಮೂರು ವರ್ಷ ನೋಡಿದಾಗ, ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ. 30.4 ಇದ್ದರು, ಆ ಅವಧಿ ಇಲ್ಲದ ಶಾಲೆಗಳಲ್ಲಿ ಅದು ಶೇ. 39.5 ಇತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶವಿದು. ಪ್ರಖರ ಬೆಳಕಿನಲ್ಲಿ ಅಕ್ಷಿಪಟಲ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚು ಸ್ರವಿಸಿ ಕಣ್ಣುಗುಡ್ಡೆಯ ಉದ್ದದ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಈಗ ಮುಂದಿರುವ ವಿವರಣೆ. ಆದರೆ ಇದು ಕನ್ನಡಕ ಬರುವುದನ್ನು ತಡೆಯುವಲ್ಲಿ ತೋರಿದಷ್ಟು ಪ್ರಯೋಜನವನ್ನು, ಬಂದ ನಂಬರ್ ಏರುವುದನ್ನು ತಡೆಯುವಲ್ಲಿ ತೋರಿಲ್ಲ. ಅದಕ್ಕೆ ಬೇರೆ ಚಿಕಿತ್ಸೆಗಳಿವೆ, ಮಕ್ಕಳ ಕಣ್ಣಿನ ವೈದ್ಯರನ್ನು ಕೇಳಿ. ಚಿಕ್ಕ ಮಗು ಇನ್ನೂ ಕನ್ನಡಕ ಹಾಕದಿದ್ದರೆ ಸಂಜೆ ಮೈದಾನಕ್ಕೆ ಕಳಿಸಿ.

ಎಪ್ಪತ್ತು ದಾಟಿದವರು (ಉಡುಪಿ):

ಇಲ್ಲಿ ಎಲ್ಲರೂ ಬೆಳಕು ಹೆಚ್ಚಿಸಿ ಎನ್ನುತ್ತಿದ್ದೀರಿ. ನನ್ನ ಅನುಭವ ಪೂರ್ತಿ ತಿರುಗುಮುರುಗು. ಸಂಜೆಯ ಮಬ್ಬಿನಲ್ಲಿ ಪತ್ರಿಕೆ ಓದಬಲ್ಲೆ. ಪ್ರಖರವಾದ ಓದುದೀಪ ಹಾಕಿದರೆ ಅಕ್ಷರ ಮಾಯವಾಗುತ್ತದೆ, ಬಿಸಿಲಿಗೆ ಹೋದರೆ ಎದುರಿಗೆ ಬಂದವರ ಮುಖವೂ ಕಾಣುವುದಿಲ್ಲ. ಮಗ ತಂದುಕೊಟ್ಟ ದೀಪ ಮೂಲೆಯಲ್ಲಿ ಕುಳಿತಿದೆ.

ದೃಷ್ಟಿಪರೀಕ್ಷಕಿ:

ಹಿರಿಯರೇ, ದಯವಿಟ್ಟು ಇದನ್ನು ದೀಪದ ಸಮಸ್ಯೆಯೆಂದು ಬಿಡಬೇಡಿ. ಕಣ್ಣಿನ ಪೊರೆಯಲ್ಲಿ ಒಂದು ಬಗೆ ಮಸೂರದ ಹಿಂಬದಿಯ ನಟ್ಟನಡುವೆ ಬೆಳೆಯುತ್ತದೆ. ಬೆಳಕು ಹೆಚ್ಚಾಗಿ ಪಾಪೆ ಕುಗ್ಗಿದಾಗ ಕಿರಣಗಳೆಲ್ಲ ಆ ಮಬ್ಬಿನ ಮೂಲಕವೇ ಹಾಯಬೇಕಾಗುತ್ತದೆ. ಮಬ್ಬು ಬೆಳಕಿನಲ್ಲಿ ಪಾಪೆ ಹಿಗ್ಗಿದರೆ ಅಂಚಿನ ತಿಳಿಭಾಗದಿಂದ ಬೆಳಕು ಒಳಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ಔಷಧ ತೆಗೆದುಕೊಂಡವರಲ್ಲಿ ಇದು ಹೆಚ್ಚು. ನಿಮ್ಮದು ಅದೇ ಎಂದು ನಾನು ಹೇಳುತ್ತಿಲ್ಲ, ಆದರೆ ನೀವು ಹೇಳಿದ ಲಕ್ಷಣ ಅದರ ಲಕ್ಷಣಕ್ಕೆ ಬಹಳ ಹತ್ತಿರವಿದೆ. ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ. ಮಬ್ಬು ಬೆಳಕಿನಲ್ಲಿ ಕುಳಿತಾಗ ಕಣ್ಣಿನಲ್ಲಿ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಬಂದಂತಾಗುವುದು ಇದ್ದರೆ ಅದು ಗ್ಲಾಕೋಮಾದ, ಅಂದರೆ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆಯ, ತೀವ್ರ ರೂಪವಾಗಿರಬಹುದು. ಪಾಪೆ ಹಿಗ್ಗಿದಾಗ ಕಣ್ಣಿನೊಳಗಿನ ದ್ರವ ಹೊರಹರಿಯುವ ಮೂಲೆ ಕೆಲವರಲ್ಲಿ ಮುಚ್ಚಿಹೋಗುತ್ತದೆ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸಂಜೆಯೋದುಗ:

ಎಲ್ಲರಿಗೂ ಕೃತಜ್ಞತೆಗಳು. ಸೂಜಿರಂಧ್ರದ ಮೂಲಕ ಅಕ್ಷರ ಸ್ಪಷ್ಟವಾಗಿ ಕಂಡಿತು. ಬಾಗುವ ಕತ್ತಿನ ದೀಪವೊಂದನ್ನು ಎಡಬದಿಗೆ, ಪುಸ್ತಕಕ್ಕೆ ಸಮೀಪವಾಗಿ ಇಟ್ಟುಕೊಂಡಿದ್ದೇನೆ. ಮೇಲಿನ ಬಲ್ಬನ್ನೂ ಆರಿಸದೆ ಬಿಟ್ಟಿದ್ದೇನೆ. ಒತ್ತಕ್ಷರಗಳು ಬಿಡಿಬಿಡಿಯಾಗಿವೆ. ಆದರೆ ಹುಬ್ಬಿನ ಭಾರ ಕಡಿಮೆಯಾಗಿದೆಯೇ ಹೊರತು ಹೋಗಿಲ್ಲ, ಹೊಸ ದೀಪದ ಬೆಳಕಿನಲ್ಲಿ ಪುಟ ತಿರುವುವಾಗ ಕೈ ತುಂಡುತುಂಡಾಗಿ ಚಲಿಸಿದಂತೆ ಕಾಣುತ್ತದೆ. ನೀಲಿ ತಡೆಯುವ ಗಾಜಿನ ಬಗ್ಗೆ ಯಾರೂ ಹೇಳಲಿಲ್ಲ.

ಬೆಳಕಿನ ಲೆಕ್ಕಿಗ:

ಕೈ ತುಂಡುತುಂಡಾಗಿ ಕಾಣುವುದು ದೀಪದ ಮಿಣುಕಿನ ಗುರುತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದ್ದು. ದೀಪದೊಳಗಿನ ಡ್ರೈವರ್ (ಎಲ್‌ಇಡಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಅಗ್ಗದ್ದಾದರೆ ಎಲ್‌ಇಡಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಅದು ನೇರವಾಗಿ ತೋರದಿದ್ದರೂ ದಣಿವು ತರುತ್ತದೆ. ಬ್ರಿಟನ್ನಿನ ಕಚೇರಿಯೊಂದರಲ್ಲಿ ಮಿಣುಕುವ ಟ್ಯೂಬ್‌ಲೈಟುಗಳ ಬದಲು ಅಧಿಕ ಆವರ್ತನೆಯಲ್ಲಿ ಉರಿಯುವವನ್ನು ಹಾಕಿದಾಗ ತಲೆನೋವು ಮತ್ತು ಕಣ್ಣಿನ ದಣಿವು ಸರಾಸರಿ ಅರ್ಧಕ್ಕಿಂತ ಕೆಳಗಿಳಿದದ್ದನ್ನು ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ್ದಾರೆ. ದೀಪದ ಮುಂದೆ ಪೆನ್ಸಿಲನ್ನು ವೇಗವಾಗಿ ಆಡಿಸಿ. ಒಂದೇ ಮಸುಕಾದ ಬೀಸಣಿಗೆ ಕಂಡರೆ ಸರಿ, ಬಿಡಿಬಿಡಿ ಪೆನ್ಸಿಲುಗಳು ಕಂಡರೆ ದೀಪವನ್ನು ಹಿಂದಿರುಗಿಸಿ. ಮೇಲಿನ ಬಲ್ಬನ್ನು ಉರಿಯಲು ಬಿಟ್ಟದ್ದು ಸರಿಯಾಗಿದೆ: ಪುಟ ಮಾತ್ರ ಬೆಳಗಿ ಸುತ್ತಲೂ ಕತ್ತಲಿದ್ದರೆ, ತಲೆ ಎತ್ತಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ದೃಷ್ಟಿಪರೀಕ್ಷಕಿ:

ನೀಲಿ ತಡೆಯುವ ಗಾಜಿಗೆ ಹಣ ಹಾಕಬೇಡಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಸಮೀಕ್ಷೆ 17 ಪ್ರಯೋಗಗಳನ್ನು ಪರಿಶೀಲಿಸಿ, ಪರದೆ ನೋಡುವಾಗಿನ ಕಣ್ಣಿನ ದಣಿವನ್ನು ಅವು ಸಾಮಾನ್ಯ ಗಾಜಿಗಿಂತ ಹೆಚ್ಚು ತಗ್ಗಿಸುವಂತೆ ಕಾಣುವುದಿಲ್ಲ ಎಂದಿದೆ. ಕಾಗದದ ಪುಸ್ತಕಕ್ಕಂತೂ ಆ ಮಾತೇ ಬರುವುದಿಲ್ಲ.

ದೀಪ ಬದಲಾಯಿಸಿದ ಮೇಲೂ ಭಾರ ಉಳಿದರೆ ಕನ್ನಡಕವನ್ನು ಪರೀಕ್ಷಿಸಿಕೊಳ್ಳಿ. 47ನೆಯ ವಯಸ್ಸಿನಲ್ಲಿ ಎರಡು ವರ್ಷ ಹಳೆಯ ಚಾಳೀಸಿನ ನಂಬರ್ ಸಾಕಾಗದಿರುವುದು ಸಾಮಾನ್ಯ, ಹಗಲಿನ ಬೆಳಕು ಆ ಕೊರತೆಯನ್ನು ಅಡಗಿಸಿಟ್ಟಿರುತ್ತದೆ. ಪರೀಕ್ಷೆಗೆ ಹೋಗುವಾಗ ನೀವು ರಾತ್ರಿ ಓದುವ ಪುಸ್ತಕವನ್ನೇ ಒಯ್ಯಿರಿ, ನಿಮ್ಮ ಮಾಮೂಲಿ ಭಂಗಿಯಲ್ಲಿ ಕಣ್ಣಿನಿಂದ ಪುಟಕ್ಕಿರುವ ದೂರವನ್ನು ಮನೆಯಲ್ಲೇ ಅಳೆದುಕೊಂಡು ಹೋಗಿ ತಿಳಿಸಿ. ಬಹಳ ಕಡೆ 40 ಸೆಂ.ಮೀ. ಎಂದು ಹಿಡಿದು, ಪ್ರಖರ ಬೆಳಕಿನಲ್ಲಿ ಹತ್ತಿರದ ನಂಬರ್ ನೋಡುತ್ತಾರೆ. ನೆಲದ ಮೇಲೆ ಕುಳಿತು ತೊಡೆಯ ಮೇಲೆ ಪುಸ್ತಕವಿಟ್ಟು ಓದುವವರ ದೂರ 50 ಸೆಂ.ಮೀ. ಆಗಬಹುದು, ಅವರಿಗೆ ಬೇಕಾದ ನಂಬರ್ ಅರ್ಧ ಡಯಾಪ್ಟರ್ ಕಡಿಮೆ. ಕೋಣೆಯ ದೀಪವನ್ನು ತುಸು ತಗ್ಗಿಸಿ ಇನ್ನೊಮ್ಮೆ ಓದಿಸುವಂತೆ ನೀವೇ ಕೇಳಿಕೊಳ್ಳಿ.